ಸೀಗೆಗೆ ಸೀಗೆಯ ಕೆಲಸ

ಗಿಡಮೂಲಿಕೆಯ ಶಾಂಪೂ ಎಂದು ಮಾರುವ ಬಾಟಲಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುವುದು ಒಳ್ಳೆಯ ಅಭ್ಯಾಸ. ಮುಂಬದಿಯಲ್ಲಿ ನೆಲ್ಲಿ, ಗರುಗ, ಸೀಗೆಗಳ ಬಣ್ಣದ ಚಿತ್ರ ಇರುತ್ತದೆ. ಆಯುರ್ವೇದ ಔಷಧವೆಂದು ಪರವಾನಗಿ ಪಡೆದ ಬಾಟಲಿಯಾದರೆ ಹಿಂಬದಿಯಲ್ಲಿ ಒಂದೊಂದು ಮೂಲಿಕೆಗೂ ಇಷ್ಟಿಷ್ಟು ಮಿಲಿಗ್ರಾಂ ಎಂದು ಲೆಕ್ಕ ಕೊಟ್ಟಿರುತ್ತಾರೆ. ಪಟ್ಟಿಯ ತುದಿಯಲ್ಲಿ ಎಷ್ಟೋ ಸಲ ‘ಬೇಸ್ – ಕ್ಯೂ.ಎಸ್.’ ಎಂದಿರುತ್ತದೆ. ಬೇಕಾದಷ್ಟು ಹಾಕಿದೆ ಎಂದು ಅರ್ಥ. ಆ ಬೇಕಾದಷ್ಟರಲ್ಲಿ ಸಾಮಾನ್ಯವಾಗಿ ಇರುವುದು ನೀರು ಮತ್ತು ಸೋಡಿಯಂ ಲಾರೆತ್ ಸಲ್ಫೇಟಿನಂಥ ಕಾರ್ಖಾನೆಯ ನೊರೆವಸ್ತು. ತಲೆ ತೊಳೆಯುವುದು ಅದು. ಚಿತ್ರದಲ್ಲಿರುವ ಮೂಲಿಕೆಗಳು ಹೆಸರಿಗಷ್ಟೇ ಜೊತೆಗಿವೆ.

ಇದರಲ್ಲಿ ಕಾನೂನು ಮುರಿದಂತೇನೂ ಆಗುವುದಿಲ್ಲ. ಆದರೂ ಒಂದು ಪ್ರಶ್ನೆ ಕೇಳಲೇಬೇಕು. ನೆಲ್ಲಿಯ ಮಾತು ಬಿಡಿ, ಸೀಗೆ ಮತ್ತು ಅಂಟುವಾಳಗಳಿಗೆ ತಾವಾಗಿಯೇ ತೊಳೆಯುವ ಶಕ್ತಿ ಇದೆ. ಹಾಗಿದ್ದೂ ಅವನ್ನು ಆ ಕೆಲಸದಿಂದ ಬಿಡಿಸಿ, ಚಿಟಿಕೆಯಷ್ಟು ‘ಸತ್ವ’ವಾಗಿಸಿ ಬಾಟಲಿಗೆ ಏಕೆ ಹಾಕಿದರು? ತೊಳೆಯುವ ವಸ್ತುವಾಗಿ ಸೀಗೆ ಮಾರಲು ಹೋದರೆ ಅದು ಒಂದು ರೂಪಾಯಿಯ ಸ್ಯಾಶೆ ಜೊತೆ ಬೆಲೆಯಲ್ಲಿ ಗುದ್ದಾಡಬೇಕು. ಔಷಧವೆಂದು ಮಾರಿದರೆ ಗುದ್ದಾಟವೇ ಇಲ್ಲ, ಕೂದಲು ಉದುರುವವರ ಆತಂಕವೇ ಬಂಡವಾಳ. ಕಂಪನಿಗಳನ್ನಷ್ಟೇ ದೂರಿದರೆ ಸಾಲದು. ಫೋನಿನಲ್ಲಿ ಮನೆಮದ್ದು ಹೇಳಿಕೊಡುವವರೂ ಅದನ್ನು ಒಬ್ಬರಿಗೊಬ್ಬರು ಕಳಿಸುವ ನಾವೂ ಅದೇ ದಾರಿ ಹಿಡಿದಿದ್ದೇವೆ. ನನ್ನ ತಕರಾರು ಇಷ್ಟೇ: ನಮ್ಮ ಕಾಯಿ, ಸೊಪ್ಪು, ಪುಡಿಗಳು ಒಳ್ಳೆಯ ತೊಳೆಯುವ ವಸ್ತುಗಳು. ಅವಕ್ಕೆ ವೈದ್ಯರ ಅಂಗಿ ತೊಡಿಸಿದಾಗ ಅವುಗಳ ನಿಜವಾದ ಗುಣ ಮರೆಯಾಗುತ್ತದೆ, ರೋಗಿಗೂ ನಷ್ಟವಾಗುತ್ತದೆ.

ಮೊದಲು ಆ ನಿಜವಾದ ಗುಣದ ಮಾತು. ಸೀಗೆಕಾಯಿಯ ಸಿಪ್ಪೆಯಲ್ಲಿ, ಅಂಟುವಾಳದ ಸಿಪ್ಪೆಯಲ್ಲಿ ಸಪೋನಿನ್ ಎಂಬ ವಸ್ತುಗಳಿವೆ. ಅವುಗಳ ಅಣುವಿನ ಒಂದು ಬದಿಗೆ ನೀರು ಒಗ್ಗುತ್ತದೆ, ಇನ್ನೊಂದು ಬದಿಗೆ ಜಿಡ್ಡು ಒಗ್ಗುತ್ತದೆ. ಜಿಡ್ಡನ್ನು ಹಿಡಿದು ನೀರಿನ ಜೊತೆ ಸಾಗಹಾಕುವುದು ಈ ಇಬ್ಬಗೆಯ ಗುಣದಿಂದಲೇ. ಕಾರ್ಖಾನೆಯ ಶಾಂಪೂ ಮಾಡುವುದೂ ಇದನ್ನೇ, ಇನ್ನಷ್ಟು ಜೋರಾಗಿ. ಅಂಟುವಾಳದ ಬೀಜ ತೆಗೆದು ಸಿಪ್ಪೆಯನ್ನಷ್ಟೇ ನೆನೆಹಾಕುವುದು ಸಪೋನಿನ್ ಇರುವುದು ಅಲ್ಲೇ ಎಂಬ ಕಾರಣಕ್ಕೆ. ರಸಾಯನಶಾಸ್ತ್ರ ಓದದ ಅಜ್ಜಿಯರಿಗೂ ಇದು ಗೊತ್ತಿತ್ತು.

ಎಲ್ಲವೂ ಸೀಗೆಯ ಜಾತಿಯವೇನಲ್ಲ. ಹಳೇ ಮೈಸೂರು ಕಡೆಯ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುವ ಹಸಿರು ಬಣ್ಣದ ಚಿಗರೆ ಪುಡಿ ಒಂದು ಮರದ ಎಲೆಯದು; ತಮಿಳುನಾಡಿನಲ್ಲಿ ಅದೇ ಅರಪ್ಪು. ಮಲೆನಾಡು, ಕರಾವಳಿಗಳಲ್ಲಿ ದಾಸವಾಳದ ಎಲೆಯನ್ನು ನೀರಲ್ಲಿ ಕಿವುಚಿ ತೆಗೆಯುವ ಗೊಂಪು ಬೇರೆಯೇ ಬಗೆಯದು. ಅದರಲ್ಲಿ ಹೆಚ್ಚಿರುವುದು ಲೋಳೆ. ಲೋಳೆ ಕೊಳೆಯನ್ನು ಅಷ್ಟಾಗಿ ತೆಗೆಯುವುದಿಲ್ಲ, ಕೂದಲಿನ ಎಳೆಗೆ ತೆಳುವಾಗಿ ಅಂಟಿ ಸಿಕ್ಕು ಬಿಡಿಸುತ್ತದೆ. ಇವತ್ತಿನ ಭಾಷೆಯಲ್ಲಿ ಅದು ಕಂಡಿಷನರ್. ಅರೆದ ಮೆಂತ್ಯದ್ದೂ ಹೆಚ್ಚುಕಡಿಮೆ ಅದೇ ಕೆಲಸ. ಕಡಲೆಹಿಟ್ಟು ಮತ್ತು ಹೆಸರುಹಿಟ್ಟು ಎಣ್ಣೆಯನ್ನು ಹೀರಿಕೊಂಡು ಹೋಗುತ್ತವೆ, ಹಾಗಾಗಿಯೇ ಎಣ್ಣೆನೀರಿನ ದಿನ ಅವುಗಳಿಗೆ ಅಷ್ಟು ಮರ್ಯಾದೆ. ‘ಗಿಡಮೂಲಿಕೆ’ ಎಂಬ ಒಂದೇ ಚೀಲಕ್ಕೆ ಇವನ್ನೆಲ್ಲ ತುಂಬಿದರೆ ಯಾವುದು ಏನು ಮಾಡುತ್ತದೆ ಎಂಬ ವಿವೇಕವೇ ಹೋಗುತ್ತದೆ. ದಾಸವಾಳದ ಲೋಳೆಯಿಂದ ಜಿಡ್ಡು ಹೋಗಲಿಲ್ಲ ಎಂದು ಗೊಣಗುವವರು, ಬರೀ ಅಂಟುವಾಳ ಹಾಕಿ ಕೂದಲು ನಾರಾಯಿತು ಎನ್ನುವವರು, ಇಬ್ಬರೂ ಸರಿಯಾದ ವಸ್ತುವಿಗೆ ತಪ್ಪು ಕೆಲಸ ಹಚ್ಚಿದವರು.

ಸೀಗೆಗೆ ಇನ್ನೊಂದು ಹೆಚ್ಚುಗಾರಿಕೆಯಿದೆ. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರಲ್ಲಿ ಸಾಬೂನು ಹಚ್ಚಿ ತಲೆ ತೊಳೆದವರಿಗೆ ಗೊತ್ತು, ಕೂದಲು ಅಂಟಂಟಾಗಿ, ಬಾಚಣಿಗೆಗೆ ಬಿಳಿ ಮೇಣದಂಥದ್ದು ಮೆತ್ತಿಕೊಳ್ಳುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನ ಜೊತೆ ಕೂಡಿ ಕರಗದ ಗಷ್ಟಾಗಿ ಕೂರುತ್ತವೆ. ಸೀಗೆ, ಅಂಟುವಾಳಗಳಿಗೆ ಈ ಗತಿ ಬರುವುದಿಲ್ಲ. ಜೊತೆಗೆ ಸಾಬೂನು ಕ್ಷಾರ, ಅದರ ಪಿಎಚ್ 9ರಿಂದ 10ರ ಆಸುಪಾಸು. ತಲೆಯ ಚರ್ಮದ್ದು ಸುಮಾರು 5.5. ಸೀಗೆ ಕಷಾಯವೂ ಅಂಟುವಾಳದ ನೊರೆಯೂ ಹುಳಿಯ ಕಡೆಗೇ ಇರುವುದರಿಂದ ಚರ್ಮಕ್ಕೆ ಹತ್ತಿರ. ಬಟ್ಟೆಗೂ ತಲೆಗೂ ಒಂದೇ ಸಾಬೂನಿನ ಬಿಲ್ಲೆ ಬಳಸುತ್ತಿದ್ದ ಕಾಲದಲ್ಲಿ ಸೀಗೆ ಹಚ್ಚಿದವರ ಕೂದಲು ಚೆನ್ನಾಗಿತ್ತು ಎಂಬ ನೆನಪು ಸುಳ್ಳಿರಲಾರದು. ಆದರೆ ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಮಾತೂ ಇದೆ. ಸೀಗೆ ಗೆದ್ದದ್ದು ಸಾಬೂನಿನ ಎದುರು. ಇವತ್ತಿನ ಶಾಂಪೂ ಸಾಬೂನಲ್ಲ. ಗಡಸು ನೀರಲ್ಲಿ ಅದು ಹಾಗೆ ಗಷ್ಟು ಕಟ್ಟುವುದಿಲ್ಲ, ಅದರ ಪಿಎಚ್ಚನ್ನೂ ಹೊಂದಿಸಿರುತ್ತಾರೆ. ಅಜ್ಜಿಯ ಕಾಲದ ಗೆಲುವನ್ನು ಹಾಗೇ ತಂದು ಶಾಂಪೂ ಮೇಲೆ ಹೇರಲಾಗದು. ಇನ್ನು ಸೀಗೆ ಬೆರೆಸಿದ ಸಾಬೂನು ಎಂದು ಬರುವ ಬಿಲ್ಲೆಗಳು ಸಾಬೂನೇ. ಸೀಗೆಯ ಒಂದು ಗುಣವನ್ನೂ ಉಳಿಸಿಕೊಳ್ಳದೆ ಹೆಸರನ್ನಷ್ಟೇ ಉಳಿಸಿಕೊಂಡಿವೆ.

ಸಸ್ಯಮೂಲ ಎಂದ ಕೂಡಲೇ ಸೌಮ್ಯ ಎಂದುಕೊಳ್ಳುವುದು ಇನ್ನೊಂದು ತಪ್ಪು. ಸೀಗೆ ಬೀಸುವ ಗಿರಣಿಯವನು ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ನಿಲ್ಲುತ್ತಾನೆ, ಬೀದಿಯ ಕೊನೆಯವರೆಗೂ ಸೀನು ಕೇಳಿಸುತ್ತದೆ. ರಾಗಿ ಬೀಸುವ ಗಿರಣಿಗೆ ಸೀಗೆ ಒಯ್ದರೆ ಹೊಸಿಲಲ್ಲೇ ತಡೆಯುತ್ತಾರೆ. ಅಂಟುವಾಳ ಜಜ್ಜಿ ನೀರಿಗೆ ಕದಡಿ ಮೀನಿಗೆ ಮಂಪರು ಬರಿಸಿ ಹಿಡಿಯುವ ಪದ್ಧತಿ ದೇಶದ ಹಲವು ಕಡೆ ಇತ್ತು. ಜಿಡ್ಡನ್ನು ಬಿಡಿಸುವ ಸಪೋನಿನ್ನೇ ಮೀನಿನ ಕಿವಿರಿನ ಪೊರೆಯನ್ನೂ ಕೆಡಿಸುತ್ತದೆ. ಕಣ್ಣಿಗೆ ಬಿದ್ದರೆ ಉರಿಯುವುದೂ ಅದಕ್ಕೇ. ಅಂಟುವಾಳದಲ್ಲಿ ರೇಷ್ಮೆ ಸೀರೆ ಒಗೆಯುತ್ತೇವೆ, ಚಿನ್ನದ ಸರ ತಿಕ್ಕುತ್ತೇವೆ. ಸೀರೆಗೆ ಪೋಷಣೆ ಸಿಕ್ಕಿತೆಂದು ಯಾರೂ ಹೇಳಿಕೊಳ್ಳುವುದಿಲ್ಲ, ಕೊಳೆ ಹೋಯಿತು ಎನ್ನುತ್ತೇವೆ. ತಲೆಯ ವಿಷಯಕ್ಕೆ ಬಂದಾಗ ಮಾತ್ರ ನಮಗೆ ಆ ಸರಳ ಮಾತು ಸಾಲದೇ ಹೋಗುತ್ತದೆ.

ಹಳೆಯ ಎಣ್ಣೆನೀರಿನ ಸ್ನಾನವನ್ನು ಈಗ ಬರೀ ವಸ್ತುಗಳ ಪಟ್ಟಿಯಾಗಿ ನೆನೆಯುತ್ತೇವೆ: ಹರಳೆಣ್ಣೆ ಇಷ್ಟು, ಸೀಗೆಪುಡಿ ಇಷ್ಟು. ಅದು ಒಂದು ಇಡೀ ವ್ಯವಸ್ಥೆಯಾಗಿತ್ತು. ಸೀಗೆಕಾಯಿ ಒಣಗಿಸಿ, ಮೆಂತ್ಯ, ಕರಿಬೇವು, ನಿಂಬೆಸಿಪ್ಪೆ ಸೇರಿಸಿ, ಬೀಸಿ, ಬಟ್ಟೆಯಲ್ಲಿ ಜರಡಿ ಹಿಡಿಯಲು ಮನೆಯ ಹೆಂಗಸರ ದಿನಗಳು ಹೋಗುತ್ತಿದ್ದವು. ಹಂಡೆ ಕಾಯಲು ಸೌದೆ ಬೇಕಿತ್ತು, ತಲೆ ತಿಕ್ಕಿ ನೀರು ಹೊಯ್ಯಲು ಇನ್ನೊಬ್ಬರ ಕೈ ಬೇಕಿತ್ತು. ವಾರಕ್ಕೊಮ್ಮೆ ತಲೆಗೆ ಎರೆದುಕೊಳ್ಳುವ ಪದ್ಧತಿಯಲ್ಲಿ ಆರೋಗ್ಯ ವಿಚಾರ ಎಷ್ಟಿತ್ತೋ, ನೀರು ಸೌದೆಗಳ ಉಳಿತಾಯವೂ ಅಷ್ಟೇ ಇತ್ತು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಬೆಳಿಗ್ಗೆ ಎಂಟಕ್ಕೆ ಹೆಲ್ಮೆಟ್ ಏರಿಸಿ ಹೊರಡುವ ಹುಡುಗಿಗೆ ಆ ಪುಡಿಯನ್ನಷ್ಟೇ ಕೊಟ್ಟು, ಆ ಕೈಗಳನ್ನೂ ಆ ಬಿಡುವನ್ನೂ ಕೊಡದೆ, ‘ಹಿಂದಿನವರ ಕೂದಲು ನೋಡು’ ಎಂದರೆ ಏನು ಬಂತು? ಸರಿಯಾಗಿ ಜರಡಿ ಹಿಡಿಯದ ಒರಟು ಪುಡಿ ಬುಡದಲ್ಲಿ ಸಿಕ್ಕಿಕೊಂಡು ಇಡೀ ದಿನ ಹೊಟ್ಟಿನಂತೆ ಉದುರುತ್ತಿರುತ್ತದೆ. 1983ರಲ್ಲಿ ಕಡಲೂರಿನಿಂದ ಸಿ.ಕೆ. ರಂಗನಾಥನ್ ಚಿಕ್ ಶಾಂಪೂ ಹೊರತಂದು ಸ್ಯಾಶೆಯನ್ನು ಹಳ್ಳಿಗಳಿಗೆ ಮುಟ್ಟಿಸಿದಾಗ ಹೆಂಗಸರು ಅದನ್ನು ಕೊಂಡದ್ದು ಮರುಳಾಗಿ ಅಲ್ಲ, ಲೆಕ್ಕ ಹಾಕಿ. ಅದೇ ಕಂಪನಿ ಆಮೇಲೆ ಮೀರಾ ಎಂಬ ಹೆಸರಲ್ಲಿ ಸೀಗೆಪುಡಿಯನ್ನೂ ಮಾರಿತು. ವ್ಯಾಪಾರಿಗೆ ಹಳತು ಹೊಸತುಗಳ ಜಗಳವಿಲ್ಲ.

ಪರಂಪರೆಯ ಹೆಸರು ಹೇಳುವವರು ಪರಂಪರೆಯನ್ನು ಓದುವುದೂ ಅಪರೂಪ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ದಿನಚರಿಯ ಅಧ್ಯಾಯವಿದೆ. ದಿನಾ ಅಭ್ಯಂಗ ಮಾಡಿಕೊಳ್ಳಬೇಕು, ತಲೆ, ಕಿವಿ, ಪಾದಗಳಿಗೆ ವಿಶೇಷವಾಗಿ ಎಂದು ಅಲ್ಲಿ ಹೇಳಿದೆ. ಇದನ್ನು ಎಲ್ಲರೂ ಉದ್ಧರಿಸುತ್ತಾರೆ. ಕಫ ಹೆಚ್ಚಿದವರಿಗೆ, ಅಜೀರ್ಣವಾದವರಿಗೆ, ಆಗಷ್ಟೇ ಶೋಧನ ಚಿಕಿತ್ಸೆ ಪಡೆದವರಿಗೆ ಅಭ್ಯಂಗ ಬೇಡ ಎಂಬುದೂ ಅಲ್ಲೇ ಇದೆ. ಬಿಸಿನೀರು ಕುತ್ತಿಗೆಯ ಕೆಳಗೆ ಬಲ ಕೊಡುತ್ತದೆ, ತಲೆಗೆ ಹೊಯ್ದರೆ ಕೂದಲಿಗೂ ಕಣ್ಣಿಗೂ ಕೇಡು ಎಂಬುದೂ ಇದೆ. ನಮ್ಮ ದೀಪಾವಳಿಯ ಹಂಡೆಯ ಸುಡುನೀರು ಈ ಮಾತಿಗೆ ಎಂದೂ ಕಿವಿಗೊಟ್ಟಂತಿಲ್ಲ! ತುರಿಕೆಯಿಂದ ಕೂಡಿ ಒರಟಾಗುವ ತಲೆಯ ಚರ್ಮವನ್ನು ಸುಶ್ರುತ ದಾರುಣಕ ಎಂದು ಪ್ರತ್ಯೇಕ ರೋಗವಾಗಿಯೇ ಎಣಿಸಿದ್ದಾನೆ. ಅಂದರೆ ಸ್ನಾನವೇ ಬೇರೆ, ಚಿಕಿತ್ಸೆಯೇ ಬೇರೆ ಎಂಬ ಗೆರೆ ಹಳಬರಿಗೆ ಸ್ಪಷ್ಟವಿತ್ತು. ಅದನ್ನು ಅಳಿಸಿದವರು ನಾವು.

ಆ ಗೆರೆ ಅಳಿಸಿದ್ದರ ಫಲ ಎದ್ದು ಕಾಣುವುದು ತಲೆಹೊಟ್ಟಿನ ವಿಷಯದಲ್ಲಿ. ಹೊಟ್ಟು ಎಂದರೆ ಚರ್ಮ ಒಣಗಿದೆ, ಎಣ್ಣೆ ಕುಡಿಸಬೇಕು ಎಂಬ ನಂಬಿಕೆ ಮನೆಮನೆಯದು. ಚರ್ಮ ಒಣಗಿಯೂ ಪುಡಿ ಉದುರಬಹುದು, ನಿಜ. ಆದರೆ ಸಾಮಾನ್ಯವಾದ ಹೊಟ್ಟಿನ ಹಿಂದೆ ಮಲಸೀಜಿಯಾ ಎಂಬ ಯೀಸ್ಟ್ ಇರುತ್ತದೆ. ಅದು ಎಲ್ಲರ ತಲೆಯಲ್ಲೂ ಇರುವಂಥದ್ದೇ. 2007ರಲ್ಲಿ ಅದರ ಒಂದು ಪ್ರಭೇದದ ಜೀನ್ ನಕ್ಷೆ ಬಿಡಿಸಿದಾಗ ತಿಳಿದದ್ದು, ಕೊಬ್ಬಿನಾಮ್ಲಗಳನ್ನು ತಾನೇ ತಯಾರಿಸಿಕೊಳ್ಳುವ ಜೀನ್ ಅದಕ್ಕಿಲ್ಲ ಎಂದು. ನಮ್ಮ ಚರ್ಮದ ಜಿಡ್ಡನ್ನೇ ಅದು ಒಡೆದು ತಿನ್ನಬೇಕು. ತಿಂದು ಉಳಿಸಿದ ಓಲಿಯಿಕ್ ಆಮ್ಲ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಅಂಥವರ ಚರ್ಮ ಕೆರಳಿ, ಬೇಗಬೇಗ ಪದರ ಕಳಚುತ್ತದೆ. ಹೀಗಿರುವಾಗ ರಾತ್ರಿಯಿಡೀ ತಲೆಯಲ್ಲಿ ಎಣ್ಣೆ ಬಿಡುವುದು ಎಲ್ಲರಿಗೂ ಒಳ್ಳೆಯದು ಎನ್ನುವುದು ಹೇಗೆ?

ಇಲ್ಲಿ ವಾದ ಅಷ್ಟು ಸಲೀಸಾಗಿ ಮುಗಿಯುವುದಿಲ್ಲ. ಭೋಪಾಲದ ಐಸರ್ ಸಂಸ್ಥೆಯ ಸಂಶೋಧಕರು ಭಾರತದ ಹೆಂಗಸರ ತಲೆಯ ಮೇಲಿನ ಸೂಕ್ಷ್ಮಜೀವಿಗಳನ್ನು ಪರೀಕ್ಷಿಸಿ, ಕೊಬ್ಬರಿ ಎಣ್ಣೆ ಅಲ್ಲಿ ಒಳ್ಳೆಯ ಜೀವಿಗಳ ಪಾಲು ಹೆಚ್ಚಿಸುತ್ತದೆಂದು 2021ರಲ್ಲಿ ಪ್ರಕಟಿಸಿದರು. ಆ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೋ ಕಂಪನಿಯ ಪಾಲೂ ಇತ್ತು. ಕೊಬ್ಬರಿ ಎಣ್ಣೆ ಕೂದಲಿನ ಎಳೆಯೊಳಗೆ ಇಳಿದು ಪ್ರೋಟೀನ್ ಸೋರದಂತೆ ತಡೆಯುತ್ತದೆ, ಸೂರ್ಯಕಾಂತಿ ಎಣ್ಣೆ ಮತ್ತು ಖನಿಜ ತೈಲಗಳು ಹಾಗೆ ಮಾಡುವುದಿಲ್ಲ ಎಂದು 2003ರಲ್ಲಿ ತೋರಿಸಿದವರೂ ಅದೇ ಕಂಪನಿಯ ವಿಜ್ಞಾನಿಗಳು. ಇತ್ತ ಆ ಯೀಸ್ಟಿನ ಜೀನ್ ನಕ್ಷೆ ಬಿಡಿಸಿದ ತಂಡವನ್ನು ಮುನ್ನಡೆಸಿದ್ದು ಹೊಟ್ಟಿನ ಶಾಂಪೂ ಮಾರುವ ಪ್ರಾಕ್ಟರ್ ಅಂಡ್ ಗ್ಯಾಂಬಲ್. ಎಣ್ಣೆಯವರ ಸಂಶೋಧನೆ ಎಣ್ಣೆಯ ಪರ, ಶಾಂಪೂವಿನವರದು ಶಾಂಪೂವಿನ ಪರ. ಇಷ್ಟರಿಂದಲೇ ಎರಡೂ ಸುಳ್ಳೆಂದು ಆಗುವುದಿಲ್ಲ, ಓದುವವನು ಎಚ್ಚರವಾಗಿರಬೇಕು ಅಷ್ಟೆ. 2003ರ ಆ ಪ್ರಯೋಗವನ್ನು ಓದುವಾಗಲಂತೂ ಒಂದು ಸಂಗತಿ ಮರೆಯಬಾರದು. ಅದು ಕೂದಲಿನ ಮಾತು. ಕೂದಲಿನ ಎಳೆ ಜೀವವಿಲ್ಲದ್ದು, ಅದರ ಬುಡದ ಚರ್ಮ ಜೀವಂತ. ಎಳೆಗೆ ಎಣ್ಣೆ ಒಳ್ಳೆಯದಾದರೆ ಎಳೆಗೆ ಹಚ್ಚಲಿ. ಹೊಟ್ಟಿರುವ ಚರ್ಮಕ್ಕೆ ಎಣ್ಣೆಯನ್ನು ತಿಕ್ಕಿ ಕೂರಿಸಲು ಆ ಪ್ರಯೋಗ ಪುರಾವೆಯಾಗದು.

ಪ್ರಯೋಗಶಾಲೆಯ ಕಡೆಯೂ ಎಲ್ಲ ನೆಟ್ಟಗಿಲ್ಲ. ಹೊಟ್ಟಿನ ಶಾಂಪೂಗಳಲ್ಲಿ ದಶಕಗಳಿಂದ ಇದ್ದ ಜಿಂಕ್ ಪೈರಿಥಯೋನನ್ನು ಯುರೋಪಿಯನ್ ಒಕ್ಕೂಟ 2022ರ ಮಾರ್ಚಿನಿಂದ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿತು. ಗಿಡದಿಂದ ಬಂದದ್ದೆಲ್ಲ ನಿಷ್ಪ್ರಯೋಜಕ ಎಂಬ ಹಟವೂ ನಿಲ್ಲುವುದಿಲ್ಲ. ಆಸ್ಟ್ರೇಲಿಯಾದ ಟೀ ಟ್ರೀ ಮರದ ತೈಲ ಶೇ. 5ರಷ್ಟಿದ್ದ ಶಾಂಪೂವನ್ನು 126 ಜನರ ಮೇಲೆ 4 ವಾರ ಪರೀಕ್ಷಿಸಿದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಹೊಟ್ಟು ಶೇ. 41ರಷ್ಟು ಇಳಿದಿತ್ತು, ತೈಲವಿಲ್ಲದ ಶಾಂಪೂ ಬಳಸಿದವರಲ್ಲಿ ಶೇ. 11. ಔಷಧ ಎನ್ನಿಸಿಕೊಳ್ಳುವ ದಾರಿ ಇದು: ಎಷ್ಟು ಪ್ರಮಾಣ, ಎಷ್ಟು ದಿನ, ಯಾವುದರ ಎದುರು. ಬೇವು, ಗರುಗಗಳ ಹೆಸರಿನಲ್ಲಿ ಮದ್ದು ಮಾರುವವರು ಈ ಮೂರು ಪ್ರಶ್ನೆಗೆ ಉತ್ತರ ಕೊಡಲಿ, ನಾನೂ ಕೊಳ್ಳುತ್ತೇನೆ.

ಫೋನಿನ ಮನೆಮದ್ದುಗಳಿಗೆ ಇಂಥ ತಾಳ್ಮೆ ಇಲ್ಲ. ಈರುಳ್ಳಿ ರಸದ ಕೀರ್ತಿಯ ಮೂಲ 2002ರಲ್ಲಿ ಬಾಗ್ದಾದಿನಿಂದ ಬಂದ ಒಂದು ಅಧ್ಯಯನ. ಕೊನೆಯವರೆಗೆ ಉಳಿದವರು 40ಕ್ಕೂ ಕಡಿಮೆ ಜನ. ಅವರಿಗಿದ್ದದ್ದು ನಾಣ್ಯದಗಲ ಕೂದಲು ಉದುರಿ ಬೋಳಾಗುವ ಬೇರೊಂದು ಕಾಯಿಲೆ, ಎಷ್ಟೋ ಸಲ ತಾನಾಗಿಯೇ ಸರಿಹೋಗುವಂಥದ್ದು. ಆ ರಸವನ್ನೇ ಮದ್ದೆಂದು ಹೆರಿಗೆಯಾದ ಮೇಲೆ ಕೂದಲು ಉದುರುವವರಿಗೂ, ಅಪ್ಪನ ಬೋಳುತಲೆ ಬಳುವಳಿ ಬಂದವರಿಗೂ ಹಂಚುತ್ತಿದ್ದೇವೆ. ನಿಂಬೆರಸದ ಪಿಎಚ್ ಸುಮಾರು 2. ಗೀರಿದ ಚರ್ಮಕ್ಕೆ ಅದು ಉರಿ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪಾಗುವುದೂ ಉಂಟು. ಎಲ್ಲಕ್ಕಿಂತ ಹೆದರಬೇಕಾದದ್ದು ಹೇನಿಗೆ ಹಚ್ಚುವ ಸೀತಾಫಲದ ಬೀಜದ ಪುಡಿಗೆ. ಹೇನು ಸಾಯುತ್ತದೆ, ಸುಳ್ಳಲ್ಲ. ತೊಳೆಯುವಾಗ ಆ ನೀರು ಕಣ್ಣಿಗೆ ಇಳಿದು ಪಾಪೆಯ ಮೇಲಿನ ಪೊರೆ ಕಿತ್ತುಹೋಗಿ ಬರುವ ಹೆಣ್ಣುಮಕ್ಕಳನ್ನು ದಕ್ಷಿಣ ಭಾರತದ ಕಣ್ಣಿನ ವೈದ್ಯರು ಕಂಡಿದ್ದಾರೆ, ಅದರ ಬಗ್ಗೆ ಬರೆದಿದ್ದಾರೆ. ‘ನೈಸರ್ಗಿಕ, ಅಡ್ಡಪರಿಣಾಮವಿಲ್ಲ’ ಎಂಬ ಮಾತನ್ನು ಇವರ ಮುಂದೆ ಹೇಳಲು ಬಾಯಿ ಬರಬಾರದು.

ಈ ವಾದಕ್ಕೆ ಕಾಡಿನ ಕಡೆಯ ಮುಖವೂ ಒಂದಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಪಾಚಿಯ ಜೊತೆ ಸೀಗೆಯನ್ನೂ ಅಂಟುವಾಳವನ್ನೂ ಆಯ್ದು ಲ್ಯಾಂಪ್ಸ್ ಎಂಬ ಆದಿವಾಸಿ ಸಹಕಾರ ಸಂಘಗಳಿಗೆ ಕೊಡುತ್ತ ಬಂದವರು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿಯ ನಂತರ ಅಭಯಾರಣ್ಯದೊಳಗೆ ಈ ಸಂಗ್ರಹಕ್ಕೆ ತಡೆ ಬಿತ್ತು. 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಅವರ ಸಮುದಾಯದ ಹಕ್ಕಿಗೆ ಮನ್ನಣೆ ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಹೀಗಾದದ್ದು ದೇಶದಲ್ಲಿ ಅದೇ ಮೊದಲು. ಈಗ ಲೆಕ್ಕ ನೋಡಿ. ಸೀಗೆಯಿಂದಲೇ ತಲೆ ತೊಳೆಯುವವರಿಗೆ ಸ್ನಾನಕ್ಕೆ ಒಂದು ಹಿಡಿ ಪುಡಿ ಬೇಕು. ಸೀಗೆಯ ಹೆಸರಿರುವ ಬಾಟಲಿಗೆ ಮಿಲಿಗ್ರಾಂ ಸಾಕು. ಮುಳ್ಳಿನ ಬಳ್ಳಿಯಲ್ಲಿ ಕೈ ಗೀರಿಸಿಕೊಂಡು ಕಾಯಿ ಬಿಡಿಸುವವರ ಪಾಲಿಗೆ ಎರಡರ ನಡುವಿನ ಅಂತರ ಸಣ್ಣದಲ್ಲ. ಎಲ್ಲರೂ ಸೀಗೆಗೇ ಮರಳಿದರೆ ಕಾಡು ತಾಳುತ್ತದೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಅಂಟುವಾಳ ಹೊಲದ ಬದುವಿನಲ್ಲೂ ಬೆಳೆಯುತ್ತದೆ, ಮುಳ್ಳಿನ ಸೀಗೆಯನ್ನು ಬೇಲಿಗೆ ಹಬ್ಬಿಸಬಹುದು; ಬೆಳೆಯಲು ಕೊಳ್ಳುವವರು ಬೇಕು.

ಹಾಗಾದರೆ ಯಾರು ಏನು ಬಳಸಬೇಕು? ತಲೆಯ ಚರ್ಮ ಆರೋಗ್ಯವಾಗಿದ್ದು, ತೊಳೆಯಲು ಹದಿನೈದು ನಿಮಿಷ ಹೆಚ್ಚು ಸಿಗುವವರಿಗೆ ಸೀಗೆ, ಚಿಗರೆ, ಅಂಟುವಾಳ ಚೆನ್ನಾಗಿಯೇ ಒಗ್ಗುತ್ತವೆ. ಪುಡಿ ಕಲಸಿ ಹಚ್ಚುವುದಕ್ಕಿಂತ ಕುದಿಸಿ ಸೋಸಿದ ನೀರು ಮೇಲು, ಚರ್ಮ ಗೀರುವುದಿಲ್ಲ. ಆ ನೀರು ಒಂದೆರಡು ದಿನದಲ್ಲಿ ಹುಳಿತು ಕೆಡುತ್ತದೆ, ಅಂದಂದಿಗೆ ಮಾಡಿಕೊಳ್ಳಬೇಕು. ಬಾಟಲಿಯಲ್ಲಿ ಪ್ರಿಸರ್ವೇಟಿವ್ ಇದೆಯೆಂದು ಮೂಗು ಮುರಿಯುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು. ಹೊಟ್ಟು ಇದ್ದವರು ಎಣ್ಣೆಯನ್ನು ಕೆಲವು ವಾರ ಬಿಟ್ಟು ನೋಡಲಿ, ತಗ್ಗದಿದ್ದರೆ ಕೀಟೋಕೊನಜೋಲ್ ಶಾಂಪೂವಿನಂಥ ಮದ್ದನ್ನು ವೈದ್ಯರನ್ನು ಕೇಳಿ ಬಳಸಲಿ. ಬೆಳ್ಳಿಯಂಥ ದಪ್ಪ ಚಕ್ಕೆ ಕೂದಲಿನ ಅಂಚು ದಾಟಿ ಹಣೆಗೋ ಕಿವಿಯ ಹಿಂದಕ್ಕೋ ಬಂದಿದ್ದರೆ ಅದು ಸೋರಿಯಾಸಿಸ್ ಇರಬಹುದು. ಯಾವ ಸೊಪ್ಪೂ ಅದಕ್ಕೆ ಸಾಲದು.

ಮಕ್ಕಳ ವಿಷಯದಲ್ಲಂತೂ ಕಾಯುವಂತಿಲ್ಲ. ಶಾಲೆಗೆ ಹೋಗುವ ಮಗುವಿನ ತಲೆಯಲ್ಲಿ ದುಂಡಗೆ ಕೂದಲು ಉದುರಿ, ಅಲ್ಲಿ ಚಕ್ಕೆ, ಕಪ್ಪು ಚುಕ್ಕೆ, ಕೆಲವೊಮ್ಮೆ ಕೀವು ಕಂಡರೆ ಅದು ಬಹುಪಾಲು ಹುಳುಕಡ್ಡಿ. ಶಿಲೀಂಧ್ರ ಕೂದಲಿನ ಬುಡದೊಳಗೆ ಇಳಿದಿರುತ್ತದೆ. ಮೇಲೆ ಹಚ್ಚಿದ ಬೇವಿನ ಅರೆತವಿರಲಿ, ಔಷಧಿ ಅಂಗಡಿಯ ಮುಲಾಮಿರಲಿ, ಅಲ್ಲಿಗೆ ಮುಟ್ಟುವುದಿಲ್ಲ. ಗ್ರಿಸಿಯೋಫಲ್ವಿನ್ ಅಥವಾ ಟರ್ಬಿನಾಫಿನ್ ಮಾತ್ರೆಯನ್ನು ವಾರಗಟ್ಟಲೆ ನುಂಗಿಸಬೇಕಾಗುತ್ತದೆ, ತಡವಾದರೆ ಬೋಳಾದ ಜಾಗದಲ್ಲಿ ಮತ್ತೆ ಕೂದಲು ಬಾರದೆಯೂ ಇರಬಹುದು. ಅಷ್ಟು ದಿನ ಬಾಚಣಿಗೆ, ಟವೆಲ್, ದಿಂಬು ಬೇರೆ ಇಡಬೇಕು, ಮನೆಯ ಉಳಿದ ಮಕ್ಕಳ ತಲೆಯನ್ನೂ ಒಮ್ಮೆ ನೋಡಿಸಿಕೊಂಡು ಬರಬೇಕು.